ಕೊನೆಯ ಸಾಲಿನ ಚರಿತ್ರೆ: ಪ್ರಾಥಮಿಕ ಶಾಲೆ, ನೆರವು ಮತ್ತು ‘ವಿಶೇಷ’ ಎಂಬ ಮಾತು

1

ದಲಿತ ವಿಮರ್ಶೆ ಎಂದ ಕೂಡಲೆ ನಮ್ಮ ಕಣ್ಣು ಕವಿತೆ, ಕಥೆ, ಆತ್ಮಕಥನಗಳ ಕಡೆಗೇ ಹೋಗುತ್ತದೆ. ಕೃತಿಯೊಳಗೆ ಕೇರಿ ಹೇಗೆ ಬಂದಿದೆ, ಯಾರ ಕಣ್ಣಿನಿಂದ ಬಂದಿದೆ, ಯಾರ ಬಾಯಲ್ಲಿ ಯಾವ ಮಾತಿದೆ ಎಂದು ಕೇಳುತ್ತೇವೆ. ಕೇಳಬೇಕಾದ್ದೇ. ಆದರೆ ಕೇರಿಯ ಬದುಕನ್ನು ನಮ್ಮ ಕವಿಗಳಿಗಿಂತ ಮೊದಲೇ ಬರೆದಿಟ್ಟವರು ಬೇರೆ ಇದ್ದಾರೆ. ಶಾಲೆಯ ದಾಖಲಾತಿ ಪುಸ್ತಕ, ವಿದ್ಯಾರ್ಥಿವೇತನದ ಅರ್ಜಿ, ಶಿಕ್ಷಣ ಆಯೋಗದ ವರದಿ, ಇಲಾಖೆಯ ಸುತ್ತೋಲೆ ಇವೆಲ್ಲ ಕೇರಿಯ ಮಗುವನ್ನು ಕುರಿತು ಬರೆದ ಪಠ್ಯಗಳೇ. ಈ ಪಠ್ಯಗಳನ್ನು ವಿಮರ್ಶೆ ಮುಟ್ಟಿಲ್ಲ. ಮುಟ್ಟದೆ ಬಿಟ್ಟದ್ದರಿಂದ ಅವು ಹೇಳಿದ್ದೇ ಚರಿತ್ರೆಯಾಗಿ ಉಳಿದಿದೆ.

ಹಾಗೆ ಉಳಿದ ಚರಿತ್ರೆ ಎಲ್ಲರಿಗೂ ಗೊತ್ತಿರುವಂಥದ್ದು. ಮಹಾರಾಜರು ಶಾಲೆ ಕೊಟ್ಟರು, ಮಿಷನ್ನಿನವರು ಪುಸ್ತಕ ಕೊಟ್ಟರು, ಮಠ ಅನ್ನ ಕೊಟ್ಟಿತು, ಸರ್ಕಾರ ಹಾಸ್ಟೆಲು, ಬಟ್ಟೆ, ಸೈಕಲ್ಲು ಕೊಟ್ಟಿತು. ಇದು ಕೊಟ್ಟವರ ಚರಿತ್ರೆ. ಇದರಲ್ಲಿ ತಗೊಂಡ ಕೈಗಳ ಲೆಕ್ಕ ಮಾತ್ರ ಇದೆ. ಆ ಕೈಯ ಮಗು ಶಾಲೆಯೊಳಗೆ ಎಲ್ಲಿ ಕೂತಿತ್ತು, ಯಾರ ಪಕ್ಕ ಕೂತಿತ್ತು ಎಂಬ ಪ್ರಶ್ನೆ ಈ ಲೆಕ್ಕದಲ್ಲಿ ಬರುವುದಿಲ್ಲ. ಈ ಬರಹ ಆ ಒಂದು ಪ್ರಶ್ನೆಯನ್ನು ಹಿಡಿದು ನಡೆಯುತ್ತದೆ.

ತುಮಕೂರಿನಿಂದ ಕುಣಿಗಲ್ ಕಡೆಗೆ ಹೊರಟರೆ ಸಿಗುವ ಗೂಳೂರು ಒಂದು ಹೋಬಳಿ ಕೇಂದ್ರ. ಊರಿಗೆ ಹೆಸರು ತಂದದ್ದು ಅಲ್ಲಿನ ಭಾರೀ ಮಣ್ಣಿನ ಗಣಪ. ಹದಿನೆಂಟು ಕೋಮಿನವರು ಸೇರಿ ಮಾಡುವ ಗಣಪ ಎಂದು ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹೀಗೆ ಎಲ್ಲ ಕೈಗಳೂ ಸೇರುತ್ತವೆ ಎಂದು ಹೇಳಿಕೊಳ್ಳುವ ನಮ್ಮ ಊರುಗಳಲ್ಲೇ ಶಾಲೆಯ ಮಾತು ಬಂದಾಗ ಬೇರೊಂದು ದನಿ ಕೇಳುತ್ತದೆ. ‘ಅವುಕ್ಕೆ ಓದು ಹತ್ತಲ್ಲ ಬಿಡಿ ಸಾ’ ಎನ್ನುವ ದನಿ. ಗೂಳೂರಾಗಲಿ, ಗುಬ್ಬಿಯಾಗಲಿ, ಕುಣಿಗಲ್ಲಾಗಲಿ, ನಮ್ಮ ಕಡೆ ಹಳ್ಳಿ ಶಾಲೆಯ ಬಾಗಿಲಲ್ಲಿ ನಿಂತವರಿಗೆ ಈ ಮಾತು ಹೊಸದಲ್ಲ. ‘ಅವು’ ಎಂದರೆ ಯಾರು? ಒಮ್ಮೆ ಎ.ಕೆ. ಕಾಲೋನಿಯ ಮಕ್ಕಳು. ಒಮ್ಮೆ ಕಣ್ಣು, ಕಿವಿ, ಕೈಕಾಲು, ಬುದ್ಧಿಯಲ್ಲಿ ತೊಡಕಿರುವ ಮಕ್ಕಳು. ಎರಡಕ್ಕೂ ಒಂದೇ ಮಾತು ಸಲ್ಲುತ್ತದೆ. ಅದು ಯಾಕೆ ಸಲ್ಲುತ್ತದೆ ಎಂಬುದಕ್ಕೆ ನೂರೈವತ್ತು ವರ್ಷಕ್ಕೂ ಮೀರಿದ ಹಿನ್ನೆಲೆ ಇದೆ.

2

ಕನ್ನಡ ನಾಡಿನಲ್ಲಿ ಈ ಹಿನ್ನೆಲೆ ಧಾರವಾಡದಿಂದ ಶುರುವಾಗುತ್ತದೆ. 1856ರ ಜೂನಿನಲ್ಲಿ ಮಹರ್ ಜಾತಿಯ ಒಬ್ಬ ಹುಡುಗ, ಧಾರವಾಡದ ಸರ್ಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಲಿಲ್ಲ ಎಂದು ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದ. ಹುಡುಗನ ಹೆಸರು ಚರಿತ್ರೆಯ ಪುಸ್ತಕಗಳಲ್ಲಿ ನಿಂತಿಲ್ಲ, ಅರ್ಜಿ ನಿಂತಿದೆ. ಸರ್ಕಾರ ಕೊಟ್ಟ ಉತ್ತರವನ್ನು ನಾವು ಇವತ್ತಿಗೂ ಗಮನವಿಟ್ಟು ಓದಬೇಕು. ನ್ಯಾಯ ಹುಡುಗನ ಕಡೆಗಿದೆ ಎಂದು ಸರ್ಕಾರ ಒಪ್ಪಿಕೊಂಡಿತು. ಒಪ್ಪಿಕೊಂಡ ಮೇಲೂ, ಒಬ್ಬನಿಗಾಗಿ ಅವನನ್ನು ಸೇರಿಸಿಕೊಂಡರೆ ಉಳಿದ ಬಹುಸಂಖ್ಯೆಯವರಿಗೆ ಶಾಲೆಯೇ ಉಪಯೋಗಕ್ಕೆ ಬಾರದೆ ಹೋಗುತ್ತದೆ ಎಂದು ಬಾಗಿಲು ಹಾಕಿತು. ಈ ತೀರ್ಮಾನ ಮೇಲಿನವರಿಗೆ ಒಪ್ಪಿಗೆಯಾಗಲಿಲ್ಲ. 1858ರ ಹೊತ್ತಿಗೆ, ಸರ್ಕಾರದ ಖರ್ಚಿನಲ್ಲೇ ನಡೆಯುವ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂಬ ತತ್ವ ಕಾಗದದ ಮೇಲೆ ಬಂತು. ಬಾಬಾಸಾಹೇಬರು 1928ರಲ್ಲಿ ಸೈಮನ್ ಆಯೋಗದ ಮುಂದೆ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಇಟ್ಟ ಹೇಳಿಕೆಯಲ್ಲಿ ಈ ಧಾರವಾಡದ ಹುಡುಗನನ್ನು ಮತ್ತೆ ಎದ್ದು ನಿಲ್ಲಿಸಿದರು. ಎಪ್ಪತ್ತೆರಡು ವರ್ಷದ ಹಿಂದಿನ ಒಂದು ಅರ್ಜಿಯನ್ನು ಅವರು ಹಳೆಯ ಕಾಗದವೆಂದು ಬಿಡಲಿಲ್ಲ, ಸಾಕ್ಷಿಯೆಂದು ಓದಿದರು. ದಲಿತ ವಿಮರ್ಶೆಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ತತ್ವ ಬಂದ ಮೇಲೆ ಏನಾಯಿತು ಎಂಬುದು ಮುಖ್ಯ. 1882ರ ಹಂಟರ್ ಆಯೋಗ, ಜಾತಿಯ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸಬಾರದು ಎಂಬ ತತ್ವವನ್ನು ಎತ್ತಿ ಹಿಡಿಯಿತು. ಅದನ್ನು ಜಾರಿಗೆ ತರುವಾಗ ಎಚ್ಚರ ಇರಲಿ ಎಂದೂ ಹೇಳಿತು. ಜೊತೆಗೇ, ಕೆಳಜಾತಿಯ ಮಕ್ಕಳು ಸಾಕಷ್ಟು ಸಂಖ್ಯೆಯಲ್ಲಿ ಇರುವ ಕಡೆ ಅವರಿಗೆಂದೇ ‘ಸ್ಪೆಷಲ್’ ಶಾಲೆ ಅಥವಾ ತರಗತಿಗಳನ್ನು ಧಾರಾಳವಾಗಿ ಪ್ರೋತ್ಸಾಹಿಸಬೇಕು ಎಂದು ಶಿಫಾರಸು ಮಾಡಿತು. ಈ ಬರಹದ ಗಂಟು ಇಲ್ಲಿದೆ. ‘ವಿಶೇಷ ಶಾಲೆ’ ಎಂದರೆ ಇವತ್ತು ನಮಗೆ ಅಂಧ, ಕಿವುಡ, ಬುದ್ಧಿಮಾಂದ್ಯ ಮಕ್ಕಳ ಶಾಲೆ ಎಂಬ ಅರ್ಥ ಮಾತ್ರ ಗೊತ್ತು. ಆದರೆ ನಮ್ಮ ಶಿಕ್ಷಣದ ಆಡಳಿತ ಭಾಷೆಯಲ್ಲಿ ಆ ಮಾತು ಅಸ್ಪೃಶ್ಯ ಮಗುವಿನ ಮೇಲೂ ಬಿದ್ದಿತ್ತು. ಕನ್ನಡದಲ್ಲಿ ‘ಏನಪ್ಪಾ ವಿಶೇಷ?’ ಎಂದರೆ ಒಳ್ಳೆಯ ಸುದ್ದಿ ಕೇಳುವ ಮಾತು. ಹಬ್ಬದ ಅಡುಗೆ ವಿಶೇಷ, ಬಂದ ನೆಂಟರು ವಿಶೇಷ. ಇಲಾಖೆಯ ಭಾಷೆಯೊಳಗೆ ಹೋದ ಕೂಡಲೆ ಅದೇ ಮಾತಿಗೆ ‘ಅತ್ತ ಕೂತುಕೋ’ ಎಂಬ ಅರ್ಥ ಬಂದುಬಿಟ್ಟಿತು. ಒಳಕ್ಕೆ ಬಿಟ್ಟುಕೊಳ್ಳಲೇಬೇಕಾದಾಗ, ಒಳಗೇ ಹೊರಗೆ ಕೂರಿಸುವ ಉಪಾಯ ಅದು.

ಗೂಳೂರು ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಲ್ಲ, ಮೈಸೂರು ಸಂಸ್ಥಾನದಲ್ಲಿ. ಸಂಸ್ಥಾನದ ಕಥೆಯೂ ಇದೇ ದಾರಿ ಹಿಡಿಯಿತು. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿ ಪಂಚಮರಿಗೆ ಪ್ರತ್ಯೇಕ ಶಾಲೆಗಳಿದ್ದವು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಅದೇ ದಶಕದಲ್ಲಿ ಸರ್ಕಾರಿ ಶಾಲೆಗಳ ಬಾಗಿಲನ್ನು ಪಂಚಮರಿಗೂ ತೆರೆಯುವ ಪ್ರಯತ್ನ ನಡೆಯಿತು, ಅದಕ್ಕೆ ಮೇಲ್ಜಾತಿಗಳ ಪ್ರತಿರೋಧವೂ ಎದುರಾಯಿತು. 1918ರಲ್ಲಿ ನೇಮಕವಾಗಿ 1919ರಲ್ಲಿ ವರದಿ ಕೊಟ್ಟ ಮಿಲ್ಲರ್ ಸಮಿತಿ ಬ್ರಾಹ್ಮಣೇತರರೆಲ್ಲರಿಗೂ ವಿದ್ಯಾರ್ಥಿವೇತನ, ಉದ್ಯೋಗಗಳ ದಾರಿ ತೋರಿಸಿತು. ಅದು ದೊಡ್ಡ ಕೊಡೆ. ಅದರ ನಡುವೆ ನಿಂತವರಿಗೆ ಮಳೆ ತಾಕಲಿಲ್ಲ, ಅಂಚಿನಲ್ಲಿದ್ದವರು ನೆನೆಯುತ್ತಲೇ ಇದ್ದರು.

ಈ ಘಟ್ಟದಲ್ಲಿ ದುಡಿದ ವ್ಯಕ್ತಿಗಳನ್ನು ಮರೆಯುವಂತಿಲ್ಲ. ಮಂಗಳೂರಿನಲ್ಲಿ 1892ರಲ್ಲೇ ಅಸ್ಪೃಶ್ಯ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾವ್ ಸ್ವಜಾತಿಯವರ ಬಹಿಷ್ಕಾರವನ್ನು ಹೊತ್ತರು. ಮೈಸೂರು ಕಡೆ ಗೋಪಾಲಸ್ವಾಮಿ ಅಯ್ಯರ್ ಕೇರಿಯ ಮಕ್ಕಳ ಓದಿಗೆ ತಮ್ಮನ್ನು ಕೊಟ್ಟುಕೊಂಡರು. ಅವರ ಹೆಸರು ಹೊತ್ತ ಬೆಂಗಳೂರಿನ ಹಾಸ್ಟೆಲಿನಲ್ಲೇ ಮುಂದೆ ಸಿದ್ಧಲಿಂಗಯ್ಯ ಎಂಬ ಹುಡುಗ ಬೆಳೆದ. ಇವರ ಒಳ್ಳೆಯತನದ ಬಗ್ಗೆ ತಕರಾರಿಲ್ಲ. ತಕರಾರಿರುವುದು ಚರಿತ್ರೆಯನ್ನು ಒಳ್ಳೆಯವರ ಜೀವನಚರಿತ್ರೆಯಾಗಿ ಬರೆದು ಮುಗಿಸುವ ಅಭ್ಯಾಸದ ಬಗ್ಗೆ. ಕೇರಿಯಿಂದ ಶಾಲೆಯವರೆಗೆ ನಡೆದು ಬಂದ ಮಗುವಿನ ಧೈರ್ಯ, ಕೂಲಿಗೆ ಬರಬೇಕಿದ್ದ ಎರಡು ಕೈಗಳನ್ನು ಶಾಲೆಗೆ ಬಿಟ್ಟುಕೊಟ್ಟ ಅವ್ವನ ತ್ಯಾಗ, ಇವು ಆ ಪುಸ್ತಕಗಳಲ್ಲಿ ಅಡಿಟಿಪ್ಪಣಿಯಾಗಿಯೂ ಬರುವುದಿಲ್ಲ.

ತುಮಕೂರಿನಲ್ಲಿ ಕೂತು ಈ ಮಾತು ಆಡುವಾಗ ಸಿದ್ಧಗಂಗೆಯನ್ನು ನೆನೆಯದೆ ಇರಲಾಗದು. 2019ರಲ್ಲಿ ತೀರಿಕೊಂಡ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಆ ಮಠ ಜಾತಿ ಕೇಳದೆ ಸಾವಿರಾರು ಬಡಮಕ್ಕಳಿಗೆ ಅನ್ನ, ವಸತಿ, ಓದು ಕೊಟ್ಟಿತು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮೊದಲ ಅಕ್ಷರಸ್ಥ ಅಲ್ಲಿಂದ ಬಂದವನು. ಇದನ್ನು ಒಪ್ಪಿಕೊಂಡೇ ಒಂದು ವ್ಯತ್ಯಾಸವನ್ನು ಹೇಳಬೇಕು. ದಾಸೋಹದ ಭಾಷೆ ಬೇರೆ, ಹಕ್ಕಿನ ಭಾಷೆ ಬೇರೆ. ದಾಸೋಹದಲ್ಲಿ ಉಂಡವನು ಕೃತಜ್ಞನಾಗುತ್ತಾನೆ. ಹಕ್ಕಿನ ಶಾಲೆಯಲ್ಲಿ ಊಟ ತಡವಾದರೆ ಮಗು ‘ಯಾಕೆ ತಡ?’ ಎಂದು ಕೇಳಬಹುದು. ಸರ್ಕಾರಿ ಶಾಲೆ ಎರಡನೆಯದಾಗಬೇಕಿತ್ತು. ಅದು ಬಹಳ ಕಾಲ ಮೊದಲನೆಯದರ ಬಡ ನಕಲಾಗಿಯೇ ನಡೆಯಿತು.

3

ಅಂಬೇಡ್ಕರ್ ವೈಸರಾಯ್ ಮಂಡಳಿಯಲ್ಲಿ ಸದಸ್ಯರಾಗಿದ್ದಾಗ, 1944ರಲ್ಲಿ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ಸಾತಾರದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿಚೀಲದ ಮೇಲೆ ಮೂಲೆಯಲ್ಲಿ ಕೂತಿದ್ದ, ಜವಾನ ಬಂದು ನಲ್ಲಿ ತಿರುಗಿಸದಿದ್ದರೆ ನೀರೇ ಇಲ್ಲದೆ ಇರಬೇಕಿದ್ದ ಮಗು ದೊಡ್ಡವನಾಗಿ ಮಾಡಿದ ಕೆಲಸ ಇದು. ಹಾಗಾಗಿ ನೆರವಿನ ಚರಿತ್ರೆಯಲ್ಲಿ ಇದೊಂದು ತಿರುವು. ಇಲ್ಲಿ ನೆರವು ಮೇಲಿನಿಂದ ಇಳಿದದ್ದಲ್ಲ, ಮೂಲೆಯಲ್ಲಿ ಕೂತವನೇ ಬರೆದ ಯೋಜನೆ.

ಸ್ವಾತಂತ್ರ್ಯದ ನಂತರ ಯೋಜನೆಗಳು ಹೆಚ್ಚಿದವು. ಅವುಗಳ ಅರ್ಜಿಗಳೂ ಹೆಚ್ಚಿದವು. 1977-78ರಲ್ಲಿ ಕೇಂದ್ರ ಸರ್ಕಾರ ‘ಅಶುಚಿ’ ಕಸುಬುಗಳಲ್ಲಿ ತೊಡಗಿದವರ ಮಕ್ಕಳಿಗೆಂದು ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ತಂದಿತು. ಮಲ ಹೊರುವವರ, ತೊಗಲು ಹದ ಮಾಡುವವರ ಮಕ್ಕಳಿಗೆ ಅದು ಸಿಗಬೇಕು. ಸಿಗಬೇಕಾದರೆ ಮಗು ತನ್ನ ಅಪ್ಪನ ಕಸುಬು ಅಶುಚಿಯಾದದ್ದು ಎಂಬ ಸರ್ಟಿಫಿಕೇಟನ್ನು ಶಾಲೆಗೆ ತರಬೇಕು. ನೆರವಿನ ಉದ್ದೇಶ ಸರಿಯಿತ್ತು, ಹಣವೂ ಬೇಕಿತ್ತು. ಆದರೆ ಯಾವ ಮಾತಿನಿಂದ ತಪ್ಪಿಸಿಕೊಳ್ಳಲು ಮಗು ಶಾಲೆಗೆ ಬಂದಿತ್ತೋ ಅದೇ ಮಾತನ್ನು ಮೇಷ್ಟರ ಮೇಜಿನ ಮೇಲೆ ತಾನೇ ತಂದಿಡಬೇಕಾಯಿತು. ತರಗತಿಯಲ್ಲಿ ‘ಎಸ್ಸಿ ಹುಡುಗರು ಎದ್ದು ನಿಲ್ಲಿ, ಸ್ಕಾಲರ್‌ಶಿಪ್ ಬಂದಿದೆ’ ಎಂದು ಕೂಗುವ ರೂಢಿಯನ್ನು ಅನುಭವಿಸಿದವರು ಈ ಪತ್ರಿಕೆಯ ಓದುಗರಲ್ಲೇ ಬಹಳ ಮಂದಿ ಇರಬಹುದು. ಎದ್ದು ನಿಂತ ಆ ಅರ್ಧ ನಿಮಿಷದಲ್ಲಿ ತರಗತಿ ಎರಡು ಭಾಗವಾಗುತ್ತಿತ್ತು.

ಅರವಿಂದ ಮಾಲಗತ್ತಿಯವರು ತಮ್ಮ ಆತ್ಮಕಥನಕ್ಕೆ ‘ಗೌರ್ಮೆಂಟ್ ಬ್ರಾಹ್ಮಣ’ (1994) ಎಂದು ಹೆಸರಿಟ್ಟದ್ದನ್ನು ಈ ಬೆಳಕಿನಲ್ಲಿ ಓದಬೇಕು. ಅದು ಸವಲತ್ತು ಪಡೆದ ದಲಿತ ವಿದ್ಯಾರ್ಥಿಯನ್ನು ಹಂಗಿಸುವ ಮಾತು. ಅದನ್ನೇ ಹೆಸರಾಗಿ ಎತ್ತಿಕೊಂಡು ಲೇಖಕರು ಹಂಗಿಸಿದವರಿಗೆ ತಿರುಗಿಸಿಕೊಟ್ಟರು. ನಮ್ಮ ವಿಮರ್ಶೆ ಆ ಪುಸ್ತಕದ ನೋವಿನ ಬಗ್ಗೆ ಬೇಕಾದಷ್ಟು ಬರೆದಿದೆ. ಆದರೆ ದಲಿತ ಆತ್ಮಕಥನಗಳನ್ನು ಶಾಲೆಯ ಚರಿತ್ರೆಯ ಆಕರಗಳಾಗಿ ಓದಿದ್ದು ಕಡಿಮೆ. ಇಲಾಖೆಯ ಕಡತದಲ್ಲಿ ‘ಫಲಾನುಭವಿ’ ಎಂದಷ್ಟೇ ಇರುವವನಿಗೆ ಈ ಪುಸ್ತಕಗಳಲ್ಲಿ ಹಸಿವು, ನಾಚಿಕೆ, ಸಿಟ್ಟು, ತುಂಟತನ ಎಲ್ಲ ಇವೆ. ಸಿದ್ಧಲಿಂಗಯ್ಯನವರ ‘ಊರು ಕೇರಿ’ಯಲ್ಲಿ ಹಾಸ್ಟೆಲಿನ ಬಡತನದ ನಡುವೆಯೇ ನಗು ಬರುತ್ತದೆ. ಆ ನಗು ಫಲಾನುಭವಿ ಎಂಬ ಪದದೊಳಗೆ ಹಿಡಿಸುವಂಥದ್ದಲ್ಲ.

ಪ್ರತ್ಯೇಕ ಹಾಸ್ಟೆಲುಗಳು ಒಂದು ಅನಿರೀಕ್ಷಿತ ಫಲವನ್ನೂ ಕೊಟ್ಟವು. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬ ಅರ್ಥದ ಮಾತಾಡಿದಾಗ ಎದ್ದ ಗಲಾಟೆಯಲ್ಲಿ ಹಾಸ್ಟೆಲಿನ ದಲಿತ ಹುಡುಗರು ಏಟು ತಿಂದರು. ಏಟು ತಿಂದ ಹುಡುಗರು ಒಬ್ಬರನ್ನೊಬ್ಬರು ಹುಡುಕಿಕೊಂಡರು. ಬಿ. ಕೃಷ್ಣಪ್ಪನವರ ಮುಂದಾಳತನದಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿಗೆ ಊರೂರಿನ ಹಾಸ್ಟೆಲುಗಳೇ ಕಚೇರಿ, ಹಾಡಿನ ಮನೆ, ಗ್ರಂಥಾಲಯ ಎಲ್ಲ ಆದವು. ಒಂದು ಕಡೆ ಕೂಡಿಹಾಕಿದ್ದ ಮಕ್ಕಳು ಒಂದು ಕಡೆ ಕೂಡಿದರು. ಇದನ್ನು ಹೇಳುವುದಕ್ಕೆ ಕಾರಣವಿದೆ. ಪ್ರತ್ಯೇಕತೆ ಕೆಟ್ಟದ್ದೆಂದು ಒಂದೇ ಏಟಿಗೆ ತೀರ್ಮಾನ ಕೊಡುವಂತಿಲ್ಲ. ತಮ್ಮವರ ಜೊತೆ ಕೂರುವ ಬಲ ಮಗುವಿಗೆ ಬೇಕು. ಆ ಕೂರುವಿಕೆಯನ್ನು ಯಾರು ತೀರ್ಮಾನಿಸಿದರು, ಅಲ್ಲಿಂದ ಎದ್ದು ಬರುವ ಬಾಗಿಲು ಇದೆಯೆ ಎಂಬುದು ಪ್ರಶ್ನೆ.

4

ಇನ್ನು ‘ವಿಶೇಷ’ ಎಂಬ ಮಾತಿನ ಎರಡನೆಯ ಜನ್ಮಕ್ಕೆ ಬರೋಣ. ಮೈಸೂರಿನಲ್ಲಿ ಕುರುಡ ಮತ್ತು ಕಿವುಡ ಮಕ್ಕಳ ಶಾಲೆ 1901ರಷ್ಟು ಹಿಂದೆಯೇ ಶುರುವಾದದ್ದು. ಅಂಗವೈಕಲ್ಯವಿರುವ ಮಕ್ಕಳ ಓದು ಬಹುಕಾಲ ಇಂಥ ಪಟ್ಟಣದ ಶಾಲೆಗಳಲ್ಲೇ ಉಳಿಯಿತು. ಹಳ್ಳಿಯ ಮಗುವಿಗೆ ಅದು ಕೇಳಿ ಗೊತ್ತಿದ್ದ ಸಂಗತಿಯೂ ಅಲ್ಲ. ಇಂಥ ಮಕ್ಕಳ ಶಿಕ್ಷಣ ಸಾಮಾನ್ಯ ಶಿಕ್ಷಣದ ಬಿಡಿಸಲಾಗದ ಭಾಗ ಎಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತು. 1974ರಲ್ಲಿ ಅವರನ್ನು ಮಾಮೂಲಿ ಶಾಲೆಯಲ್ಲೇ ಓದಿಸುವ ಕೇಂದ್ರದ ಯೋಜನೆ ಬಂತು. 1995ರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತು. 2016ರ ಕಾಯಿದೆಯಲ್ಲಿ ಅವು ಇಪ್ಪತ್ತೊಂದಾದವು. ಓದು ಬರಹದಲ್ಲಷ್ಟೇ ತೊಡಕಿರುವ ನಿರ್ದಿಷ್ಟ ಕಲಿಕಾ ನ್ಯೂನತೆ ಕೂಡ ಆ ಪಟ್ಟಿಗೆ ಸೇರಿತು.

ಈ ನಡುವೆ 2009ರ ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ಒಂದು ತಿದ್ದುಪಡಿಯಾಯಿತು. ‘ಅವಕಾಶವಂಚಿತ ಗುಂಪಿನ ಮಗು’ ಎಂಬುದರ ವಿವರಣೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳ ಜೊತೆಗೆ ಅಂಗವೈಕಲ್ಯವಿರುವ ಮಗುವನ್ನೂ ಸೇರಿಸಲಾಯಿತು. 1882ರಲ್ಲಿ ‘ವಿಶೇಷ’ ಎಂದು ಅತ್ತ ಕೂರಿಸಿದ ಮಗುವೂ, ಆಮೇಲೆ ಅದೇ ಹೆಸರಿನಲ್ಲಿ ಅತ್ತ ಕೂತ ಮಗುವೂ ಕಾನೂನಿನ ಒಂದೇ ವಾಕ್ಯದಲ್ಲಿ ಕೊನೆಗೂ ಅಕ್ಕಪಕ್ಕ ಕೂತರು. ಕಾನೂನು ಹೇಳದೆ ಬಿಟ್ಟದ್ದು ಒಂದಿದೆ. ಈ ಇಬ್ಬರೂ ಒಂದೇ ಮಗುವಾಗಿದ್ದರೆ?

ಆ ಮಗುವಿನ ವಿಷಯದಲ್ಲಿ ಶಾಲೆ ಎರಡು ಬಗೆಯಾಗಿ ತಪ್ಪು ಓದುತ್ತದೆ. ಒಂದು, ವೈಕಲ್ಯವನ್ನು ಜಾತಿಯಾಗಿ ಓದುವುದು. ಬೋರ್ಡಿನ ಅಕ್ಷರ ಕಾಣದ ಮಗು ಊರೊಳಗಿನ ಮನೆಯದಾದರೆ ಯಾರಾದರೂ ಕಣ್ಣಿನ ಡಾಕ್ಟರ ಹತ್ತಿರ ಕರಕೊಂಡು ಹೋಗುತ್ತಾರೆ. ಕೇರಿಯದಾದರೆ ‘ಅವರ ಮನೇಲಿ ಯಾರು ಓದಿದ್ರು?’ ಎಂದು ಸುಮ್ಮನಾಗುತ್ತಾರೆ. ಕಿವಿ ಸೋರಿ ಸೋರಿ ಮಂದವಾದ ಮಗು ಕರೆದರೆ ತಿರುಗದಿದ್ದಾಗ ‘ಕೊಬ್ಬು’ ಎನ್ನುತ್ತಾರೆ. ಎರಡು, ಜಾತಿಯನ್ನು ವೈಕಲ್ಯವಾಗಿ ಓದುವುದು. ಮನೆಮಾತಿನ ಕನ್ನಡ ಪುಸ್ತಕದ ಕನ್ನಡಕ್ಕೆ ಕೂಡಿ ಬಾರದ, ಸುಗ್ಗಿಯಲ್ಲಿ ಶಾಲೆ ತಪ್ಪಿದ, ಸಂಜೆ ತಮ್ಮನನ್ನು ಎತ್ತಿಕೊಂಡು ಓದಬೇಕಾದ ಮಗು ‘ಕಲಿಕೆಯಲ್ಲಿ ಹಿಂದುಳಿದವರು’ ಎಂಬ ಪಟ್ಟಿಗೆ ಸೇರಿಹೋಗುತ್ತದೆ. ‘ಹಿಂದುಳಿದ’ ಎಂಬ ಒಂದೇ ಪದ ನಮ್ಮಲ್ಲಿ ಜಾತಿಗೂ ಕಲಿಕೆಗೂ ಸಲ್ಲುವುದು ಆಕಸ್ಮಿಕವೇನಲ್ಲ. ಪದ ಮೊದಲೇ ಸಿದ್ಧವಾಗಿತ್ತು, ಮಗು ಬಂದು ಅದರೊಳಗೆ ಕೂತಿತು.

ತುಮಕೂರಿನ ದಲಿತ ಚಳವಳಿಯ ಕವಿ ಕೆ.ಬಿ. ಸಿದ್ದಯ್ಯ ತಮ್ಮ ಒಂದು ಖಂಡಕಾವ್ಯಕ್ಕೆ ‘ಗಲ್ಲೆಬಾನಿ’ ಎಂದು ಹೆಸರಿಟ್ಟರು. ತೊಗಲು ನೆನೆಹಾಕುವ ಬಾನಿ ಅದು. ಯಾವ ತೊಗಲಿಗೆ ಎಷ್ಟು ದಿನ, ಯಾವ ತೊಗಟೆ, ಯಾವ ಹದ ಎಂಬುದು ದೊಡ್ಡ ವಿದ್ಯೆ. ಅದು ತಲೆಮಾರುಗಳಿಂದ ಗೊತ್ತಿದ್ದ ಮನೆಯ ಮಗುವನ್ನು ಶಾಲೆಯ ಅಳತೆಗೋಲು ‘ದಡ್ಡ’ ಎನ್ನುತ್ತದೆ. ಬುದ್ಧಿಯನ್ನು ಯಾರ ಬದುಕಿನಿಂದ ಅಳೆಯುತ್ತೀರಿ ಎಂಬ ಪ್ರಶ್ನೆಯನ್ನು ಕಾವ್ಯವಿಮರ್ಶೆ ಎತ್ತಿದೆ, ಶಿಕ್ಷಣದ ವಿಮರ್ಶೆ ಇನ್ನೂ ಗಟ್ಟಿಯಾಗಿ ಎತ್ತಬೇಕಿದೆ.

ವೈಕಲ್ಯ ಹುಟ್ಟುವುದೂ ಬಡತನದ ದಾರಿಯಲ್ಲೇ ಹೆಚ್ಚು. ನಮ್ಮ ಜಿಲ್ಲೆಯ ಪಾವಗಡದ ಕಡೆ ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡ್ ಹಲ್ಲಿಗೂ ಎಲುಬಿಗೂ ಇಳಿದು ಜನರನ್ನು ಬಗ್ಗಿಸಿದ್ದು ಎಲ್ಲರಿಗೂ ಗೊತ್ತು. ಶುದ್ಧ ನೀರನ್ನು ದುಡ್ಡು ಕೊಟ್ಟು ತರಲಾರದವರು ಆ ನೀರನ್ನೇ ಕುಡಿಯುತ್ತಾರೆ. ಕೆರೆಯ ನೀರು ಮುಟ್ಟಬಾರದು ಎಂದಿದ್ದ ಕಾಲ ಹೋಗಿ, ಸಿಕ್ಕ ನೀರೇ ಮೂಳೆ ಸವೆಸುವ ಕಾಲ ಬಂದರೆ ಅದನ್ನೂ ಜಾತಿಯ ಚರಿತ್ರೆಯೆಂದೇ ಓದಬೇಕಾಗುತ್ತದೆ.

ಈಗಿನ ವ್ಯವಸ್ಥೆ ಕೆಲಸ ಮಾಡುವ ಬಗೆಯನ್ನು ನೋಡಿ. ತುಮಕೂರು ಕಂದಾಯ ಜಿಲ್ಲೆಯಲ್ಲಿ ತುಮಕೂರು, ಮಧುಗಿರಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳು ಮೊದಲನೆಯದರಲ್ಲಿ ಬರುತ್ತವೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿ ಬಿ.ಐ.ಇ.ಆರ್.ಟಿ. ಎಂಬ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಹಳ್ಳಿ ಶಾಲೆಗಳನ್ನು ಸುತ್ತುವುದು, ವೈದ್ಯಕೀಯ ತಪಾಸಣಾ ಶಿಬಿರಕ್ಕೆ ಮಕ್ಕಳನ್ನು ಕರೆಸುವುದು, ಕನ್ನಡಕ, ಶ್ರವಣ ಸಾಧನ, ಗಾಲಿಕುರ್ಚಿ ಕೊಡಿಸುವುದು ಅವರ ಕೆಲಸ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಒಂದು ಮಗುವಿಗೆ ಇಟ್ಟಿರುವ ಮೊತ್ತ ವರ್ಷಕ್ಕೆ 3,500 ರೂಪಾಯಿ. ದಿನಕ್ಕೆ ಹತ್ತು ರೂಪಾಯಿಯೂ ಆಗಲಿಲ್ಲ. ಹೆಣ್ಣುಮಕ್ಕಳಿಗೆ ಹತ್ತು ತಿಂಗಳ ಕಾಲ ತಿಂಗಳಿಗೆ 200 ರೂಪಾಯಿ ಪ್ರತ್ಯೇಕ. ವಿಶೇಷ ಶಿಕ್ಷಕರ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ಎಂದು ಅದು 2021ರ ಅಕ್ಟೋಬರಿನಲ್ಲಿ ಹೇಳಿತು. ರಾಜ್ಯಗಳು ಹುದ್ದೆಗಳನ್ನು ಪ್ರಕಟಿಸಿ ತುಂಬಬೇಕು ಎಂದು 2025ರ ಮಾರ್ಚಿನಲ್ಲಿ ಮತ್ತೆ ಹೇಳಬೇಕಾಯಿತು. ಮತ್ತೆ ಹೇಳಬೇಕಾದದ್ದೇ ಸುದ್ದಿ.

ಕೇರಿಯ ಅವ್ವನಿಗೆ ಈ ವ್ಯವಸ್ಥೆ ಕಾಣುವುದು ಕಾಗದಗಳಾಗಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ನಂಬರಿಗೆ ನಾಡಕಚೇರಿ. ವೈಕಲ್ಯದ ಕಾರ್ಡಿಗೆ ತುಮಕೂರಿನ ಜಿಲ್ಲಾಸ್ಪತ್ರೆ. ಆಧಾರಿನ ಹೆಸರಿಗೂ ಶಾಲೆಯ ಹೆಸರಿಗೂ ಒಂದಕ್ಷರ ತಾಳೆಯಾಗದಿದ್ದರೆ ಮತ್ತೆ ಮೊದಲಿನಿಂದ. ಒಂದೊಂದು ಕಾಗದಕ್ಕೂ ಒಂದೊಂದು ದಿನದ ಕೂಲಿ ಹೋಗುತ್ತದೆ. ‘ಬರೋ ದುಡ್ಡಿಗಿಂತ ಓಡಾಡಿದ ದುಡ್ಡೇ ಜಾಸ್ತಿ ಆಯ್ತು ಕಣಪ್ಪ’ ಎಂಬ ಮಾತು ಲೆಕ್ಕ ಬಲ್ಲವರ ಮಾತು, ಅಜ್ಞಾನದ ಮಾತಲ್ಲ. ಧಾರವಾಡದ ಹುಡುಗ ಒಂದು ಅರ್ಜಿ ಬರೆದ. ಇವತ್ತಿನ ಮಗುವಿಗಾಗಿ ಐದಾರು ಅರ್ಜಿ ಬೇಕು.

ಇನ್ನೊಂದು ಸಂಗತಿ ಗೃಹಾಧಾರಿತ ಶಿಕ್ಷಣ. ತೀವ್ರ ವೈಕಲ್ಯವಿರುವ ಮಗು ಮನೆಯಲ್ಲೇ ಕಲಿಯಬಹುದು ಎಂದು 2012ರ ತಿದ್ದುಪಡಿ ಅವಕಾಶ ಕೊಟ್ಟಿತು. ಎದ್ದು ಬರಲಾಗದ ಮಗುವಿಗೆ ಮೇಷ್ಟರು ಬರುವುದು ಒಳ್ಳೆಯದೇ. ಆದರೆ ‘ಮನೆ’ ಎಂದಾಗ ಕಾನೂನಿನ ಕಣ್ಣಿನಲ್ಲಿ ಯಾವ ಮನೆ ಇತ್ತು? ಅಪ್ಪ ಅವ್ವ ಇಬ್ಬರೂ ಬೆಳಗಾದರೆ ಕೂಲಿಗೆ ಹೋಗುವ ಒಂದಂಕಣದ ಮನೆಯಲ್ಲಿ ಮಗು ಇಡೀ ದಿನ ಒಂಟಿ. ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಬಂದ ಶಿಕ್ಷಕರು ಹಾಜರಿ ಬರೆದುಕೊಂಡು ಹೋದರೆ ಅದು ಶಿಕ್ಷಣವಾಗುವುದಿಲ್ಲ. ಪುಸ್ತಕದಲ್ಲಿ ಹೆಸರಿದ್ದು ಶಾಲೆಯಲ್ಲಿ ಜಾಗವಿಲ್ಲದ ಮಗು ಕೊನೆಯ ಸಾಲಿಗಿಂತಲೂ ಹಿಂದೆ ಉಳಿಯುತ್ತದೆ.

5

ನಮ್ಮ ಶಾಲೆಗಳಲ್ಲಿ ‘ತಟ್ಟೆ’ ಎಂಬ ಮಾತಿಗೆ ಎರಡು ಅರ್ಥಗಳಿವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯಲ್ಲಿ ಚಿಕ್ಕ ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ದುಂಡಗೆ ಕೂರುತ್ತಾರೆ. ಒಂದೊಂದು ಗುಂಪಿಗೆ ತಟ್ಟೆ ಎಂದು ಹೆಸರು. ಶಿಕ್ಷಕರ ಪೂರ್ಣ ನೆರವಿನ ತಟ್ಟೆಯಿಂದ ಶುರುವಾಗಿ, ಸಹಪಾಠಿಯ ನೆರವಿನ ತಟ್ಟೆಗಳನ್ನು ದಾಟಿ, ಮಗು ಸ್ವಕಲಿಕೆಯ ತಟ್ಟೆಗೆ ಬರುತ್ತದೆ. ಇಲ್ಲಿ ನೆರವು ಯಾರ ಗುರುತೂ ಅಲ್ಲ. ಇವತ್ತು ಆ ತಟ್ಟೆಯಲ್ಲಿದ್ದವರು ನಾಳೆ ಈ ತಟ್ಟೆಯಲ್ಲಿರುತ್ತಾರೆ. ಸಾಲು ಎಂಬುದಿದ್ದರೆ ತಾನೇ ಕೊನೆಯ ಸಾಲು? ಆಚರಣೆಯಲ್ಲಿ ಇದಕ್ಕೆ ಎಷ್ಟೇ ಕುಂದುಗಳಿರಲಿ, ಎದ್ದು ಹೋಗುವ ಬಾಗಿಲಿರುವ ನೆರವು ಎಂಬ ವಿಚಾರ ನಮ್ಮದೇ ಸರ್ಕಾರಿ ಶಾಲೆಯೊಳಗೆ ಹುಟ್ಟಿತ್ತು ಎಂಬುದನ್ನು ಮರೆಯಬಾರದು.

ಇನ್ನೊಂದು ತಟ್ಟೆ ಊಟದ್ದು. ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ ಮೊದಲು ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ನಮ್ಮ ಕಡೆಗೆ ಬಂತು. 2004ರ ಏಪ್ರಿಲಿನಲ್ಲಿ ಅದೇ ಕೋರ್ಟು, ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟರಿಗೆ ಆದ್ಯತೆ ಇರಬೇಕೆಂದೂ ಹೇಳಿತು. ಧಾರವಾಡದ ಹುಡುಗನನ್ನು ಹೊರಗೆ ನಿಲ್ಲಿಸಿದ ಶಾಲೆಯ ಒಲೆಯ ಮುಂದೆ ಅವನ ಅವ್ವನನ್ನು ನಿಲ್ಲಿಸುವ ಆದೇಶ ಅದು. ಊರು ಕೊಟ್ಟ ಉತ್ತರವೂ ದಾಖಲಾಗಿದೆ. ದಲಿತ ಹೆಂಗಸು ಬೇಯಿಸಿದ್ದನ್ನು ಉಣ್ಣಬಾರದೆಂದು ಮಕ್ಕಳನ್ನು ಶಾಲೆಯಿಂದಲೇ ಬಿಡಿಸಿದ ಸುದ್ದಿಗಳು ಕೋಲಾರ ಜಿಲ್ಲೆಯಿಂದ ಬಂದವು. 2025ರಲ್ಲಿ ಚಾಮರಾಜನಗರ ಜಿಲ್ಲೆಯಿಂದಲೂ ಅಂಥದೇ ಸುದ್ದಿ ಬಂತು. ಒಬ್ಬನಿಗಾಗಿ ಶಾಲೆ ಬಹುಸಂಖ್ಯೆಯವರಿಗೆ ಉಪಯೋಗವಿಲ್ಲದಂತಾದೀತು ಎಂಬ 1856ರ ವಾದ ಸತ್ತಿಲ್ಲ. ಕಾಗದದಿಂದ ಎದ್ದು ಅಡುಗೆಮನೆಗೆ ಬಂದಿದೆ.

ವಸತಿ ಶಾಲೆಗಳ ಕಥೆಯೂ ಇದಕ್ಕೆ ಹೊರತಲ್ಲ. 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಸರ್ಕಾರಿ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ನಾಡನ್ನು ನಾಚಿಸಿತು. ಕೇರಿಯಿಂದ ಬಂದ ಮಗುವಿಗೆ ಊಟ, ಬಟ್ಟೆ, ಪುಸ್ತಕ, ಹಾಸಿಗೆ ಎಲ್ಲ ಕೊಡುವುದಕ್ಕೆಂದೇ ಕಟ್ಟಿದ ಶಾಲೆ ಅಂಥದು. ಅಲ್ಲೇ ಅವನ ತಾತನ ಕೆಲಸವನ್ನೂ ಅವನ ಕೈಗೆ ಕೊಟ್ಟರು. ಸವಲತ್ತುಗಳ ಪಟ್ಟಿ ಎಷ್ಟೇ ಉದ್ದವಿದ್ದರೂ ಅದರಿಂದ ಶಾಲೆಯನ್ನು ಅಳೆಯಲಾಗದು ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಹಾಗಾದರೆ ಯಾವುದರಿಂದ ಅಳೆಯೋಣ? ಸಂಘಟನೆಯ ಗೆಳೆಯರು, ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಶಾಲೆಗೆ ಒಮ್ಮೆ ಹೋಗಿ ನೋಡಲಿ. ಪ್ರತಿ ಶಾಲೆಗೂ ಒಂದು ಎಸ್.ಡಿ.ಎಂ.ಸಿ. ಇದೆ, ಕೇಳುವ ಅಧಿಕಾರ ತಂದೆತಾಯಿಗಳಿಗಿದೆ. ಯಾರು ಎಲ್ಲಿ ಕೂರುತ್ತಾರೆ, ಆ ಜಾಗ ವರ್ಷದಲ್ಲಿ ಎಷ್ಟು ಸಲ ಬದಲಾಗುತ್ತದೆ? ಅಡುಗೆ ಯಾರದು, ಕಕ್ಕಸು ತೊಳೆಯುವವರು ಯಾರು? ‘ಕಲಿಕೆಯಲ್ಲಿ ಹಿಂದುಳಿದವರು’ ಪಟ್ಟಿಯನ್ನು ಮನೆಮನೆಗೆ ಹೊಂದಿಸಿ ನೋಡಿದರೆ ಯಾವ ಬೀದಿ ಹೆಚ್ಚು ಕಾಣುತ್ತದೆ? ಆ ಪಟ್ಟಿಯ ಎಷ್ಟು ಮಕ್ಕಳ ಕಣ್ಣು ಕಿವಿಯನ್ನು ಯಾರಾದರೂ ಪರೀಕ್ಷೆ ಮಾಡಿದ್ದಾರೆ? ಹಾಜರಿಯಲ್ಲಿದ್ದೂ ಶಾಲೆಗೆ ಬಾರದ, ಮನೆಯಲ್ಲೇ ಉಳಿದ ಮಕ್ಕಳು ಯಾರು? ಇದಕ್ಕೆ ದೊಡ್ಡ ಸಂಶೋಧನೆ ಬೇಡ. ಒಂದು ನೋಟುಬುಕ್ಕು, ನಾಲ್ಕು ದಿನದ ಓಡಾಟ ಸಾಕು. ಈ ಚರಿತ್ರೆಯ ಬರೆಯದೆ ಉಳಿದ ಪುಟಗಳು ತುಂಬುವುದು ಹೀಗೆ.

ಸೌಲಭ್ಯ ಬೇಡವೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಶ್ರವಣ ಸಾಧನ ಬೇಕು, ವಿದ್ಯಾರ್ಥಿವೇತನ ಬೇಕು, ಹತ್ತು ಮಕ್ಕಳಿಗೊಬ್ಬ ವಿಶೇಷ ಶಿಕ್ಷಕರೂ ಬೇಕು, ಇವೆಲ್ಲ ಈಗ ಸಿಗುತ್ತಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೇಕು. ಆದರೆ ಇವು ಪಕ್ಕದಲ್ಲಿ ಕೂರುವುದಕ್ಕೆ ದಾರಿಯಾಗಬೇಕು, ಪಕ್ಕದಲ್ಲಿ ಕೂರಿಸದೆ ಇರುವುದಕ್ಕೆ ಪರಿಹಾರಧನವಾಗಬಾರದು. 1856ರ ಆ ಹುಡುಗ ಪುಸ್ತಕ ಕೇಳಿರಲಿಲ್ಲ, ಅನ್ನ ಕೇಳಿರಲಿಲ್ಲ, ಹಣ ಕೇಳಿರಲಿಲ್ಲ. ಎಲ್ಲರೂ ಕೂರುವ ಶಾಲೆಯಲ್ಲಿ ತನಗೂ ಒಂದು ಜಾಗ ಕೇಳಿದ್ದ. ಆ ಅರ್ಜಿಯ ವಿಲೇವಾರಿ ಇನ್ನೂ ಆಗಿಲ್ಲ.